ಔಷಧದಂಗಡಿಯ ಕಂಪ್ಯೂಟರಿಗೆ ಏನು ಗೊತ್ತು?

ಮೆಡಿಕಲ್ ಶಾಪಿನ ಕಂಪ್ಯೂಟರಿಗೆ ಯಾವ ಮಾತ್ರೆ ಎಷ್ಟು ಉಳಿದಿದೆ, ಯಾವ ಬ್ಯಾಚಿನ ಅವಧಿ ಎಂದು ಮುಗಿಯುತ್ತದೆ, ಜಿಎಸ್‌ಟಿ ಎಷ್ಟು, ಎಲ್ಲ ಗೊತ್ತು. ಎದುರಿಗೆ ನಿಂತ ಅಜ್ಜಿ ಹೃದಯದ ಡಾಕ್ಟರು ಬರೆದ ವಾರ್ಫರಿನ್ ನುಂಗುತ್ತಿದ್ದಾರೆ, ಮಂಡಿನೋವಿಗೆಂದು ಈಗ ಕೊಳ್ಳುವ ಐಬುಪ್ರೊಫೆನ್ ಅದರೊಡನೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವವಾಗಬಹುದು ಎಂಬುದು ಮಾತ್ರ ಗೊತ್ತಿಲ್ಲ. ಆ ಇನ್ನೊಂದು ಚೀಟಿ ಬೇರೆ ಅಂಗಡಿಗೆ ಹೋಗಿತ್ತು.

ಅಮೆರಿಕದಲ್ಲಿ ಈ ಕೊರತೆ ನೀಗಿದ್ದು ದುಡ್ಡಿನ ಲೆಕ್ಕದ ದೆಸೆಯಿಂದ. ವಿಮೆಯ ಬಿಲ್ಲಿಗೆ ಒಂದು ಕ್ರಮ ಬೇಕೆಂದು 1977ರಲ್ಲಿ ಎನ್‌ಸಿಪಿಡಿಪಿ ಎಂಬ ಸಂಸ್ಥೆ ಹುಟ್ಟಿತು. 1980ರ ದಶಕದ ಕೊನೆಗೆ ಅಂಗಡಿಯಲ್ಲಿ ಕುಳಿತೇ ವಿಮೆಯ ಒಪ್ಪಿಗೆ ಪಡೆಯುವುದು ಸಾಧ್ಯವಾಯಿತು. ರೋಗಿ ಹತ್ತು ಅಂಗಡಿ ಸುತ್ತಿದರೂ ಬಿಲ್ಲೆಲ್ಲ ಸೇರುವುದು ಒಂದೇ ಕಡೆ. ಹಾಗಾಗಿ ಒಂದಕ್ಕೊಂದು ಆಗದ ಔಷಧಗಳು ಅಲ್ಲಿ ಸಿಕ್ಕಿಬೀಳತೊಡಗಿದವು. 1990ರ ಫೆಡರಲ್ ಕಾಯಿದೆಯೊಂದು ಬಡವರ ಸರ್ಕಾರಿ ವಿಮೆಯಾದ ಮೆಡಿಕೇಡ್‌ನ ರೋಗಿಗಳಿಗೆ ಔಷಧ ಕೊಡುವ ಮುನ್ನ ಇಂಥ ತಪಾಸಣೆ ಆಗಲೇಬೇಕೆಂದಿತು. ಎಚ್ಚರಿಕೆಗಳು ಅತಿಯಾದಾಗ ಓದದೆ ಒತ್ತಿ ಮುಂದೆ ಹೋಗುವ ಚಾಳಿಯೂ ಬೆಳೆಯಿತು. ಅದು ಇಂದಿಗೂ ಪೂರ್ತಿ ಬಿಟ್ಟಿಲ್ಲ.

ಯುರೋಪಿನಲ್ಲಿ ಹೊಸ ಹಾದಿ ತೆರೆದದ್ದು ಡಾಕ್ಟರ ಚೀಟಿಯಿಂದ. ಸ್ವೀಡನ್ 1983ರಲ್ಲೇ ಅದನ್ನು ಕಂಪ್ಯೂಟರಿನ ಮೂಲಕ ಕಳಿಸಿ ನೋಡಿತು. ಇಂಗ್ಲೆಂಡಿನಲ್ಲಿ 2005ರಿಂದ ಹಂತಹಂತವಾಗಿ ಬೆಳೆದ ವ್ಯವಸ್ಥೆಯಲ್ಲಿ ರೋಗಿ ಆರಿಸಿಕೊಂಡ ಅಂಗಡಿಗೇ ಚೀಟಿ ಹೋಗುತ್ತದೆ. 2010ರಲ್ಲಿ ಎಸ್ಟೋನಿಯಾ ಮಾಡಿದ ಏರ್ಪಾಡು ನನಗೆ ಹೆಚ್ಚು ಹಿಡಿಸುತ್ತದೆ: ಚೀಟಿ ಇರುವುದು ದೇಶದ ಒಂದೇ ಕಣಜದಲ್ಲಿ, ಗುರುತಿನ ಚೀಟಿ ಹಿಡಿದು ಯಾವ ಅಂಗಡಿಗಾದರೂ ಹೋಗಬಹುದು. 2019ರಿಂದ ಫಿನ್ಲೆಂಡಿನ ಚೀಟಿಗೂ ಅಲ್ಲಿ ಔಷಧ ಸಿಗುತ್ತಿದೆ.

ನಮ್ಮಲ್ಲಿ ಹೊರರೋಗಿಯ ಔಷಧಕ್ಕೆ ಬಹುತೇಕ ಸ್ವಂತ ಜೇಬೇ ಗತಿ. ಬಿಲ್ಲು ಬೇರೆಲ್ಲಿಗೂ ಹೋಗಬೇಕಿಲ್ಲದ್ದರಿಂದ ಅಂಗಡಿಗಳನ್ನು ಜೋಡಿಸುವ ಅಗತ್ಯ ಯಾರಿಗೂ ಬೀಳಲಿಲ್ಲ. ಹೆಜ್ಜೆಗಳೇನೋ ಬಿದ್ದಿವೆ. ಕೆಲವು ಆ್ಯಂಟಿಬಯೋಟಿಕ್‌ಗಳ ಮಾರಾಟಕ್ಕೆ ಪ್ರತ್ಯೇಕ ದಾಖಲೆ ಕೇಳುವ ಎಚ್1 ಪಟ್ಟಿ 2014ರಲ್ಲಿ ಜಾರಿಯಾಯಿತು. 2020ರ ಲಾಕ್‌ಡೌನಿನಲ್ಲಿ, ಇಮೇಲಿನಲ್ಲಿ ಬಂದ ಚೀಟಿಗೂ ಮನೆಬಾಗಿಲಿಗೆ ಔಷಧ ತಲುಪಿಸಲು ಕೇಂದ್ರ ಒಪ್ಪಿತು. ಮರುವರ್ಷ ದೇಶಕ್ಕೆಲ್ಲ ವಿಸ್ತರಿಸಿದ ಡಿಜಿಟಲ್ ಆರೋಗ್ಯ ಮಿಷನ್ನಿನ 14 ಅಂಕಿಯ ಆಭಾ ಸಂಖ್ಯೆ ಅಜ್ಜಿಯ ಎರಡು ಚೀಟಿಗಳನ್ನು ಒಂದೆಡೆ ತರಬಲ್ಲದು. ಆದರೆ ಮೆಡಿಕಲ್ ಶಾಪಿನಲ್ಲಿ ಅದನ್ನು ಕೇಳಿದವರನ್ನು ನಾನಿನ್ನೂ ಕಂಡಿಲ್ಲ.

2023ರ ಆಗಸ್ಟ್ 1ರಿಂದ ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡುಗಳಿಗೆ ಕ್ಯೂಆರ್ ಕೋಡ್ ಕಡ್ಡಾಯ. ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿದರೆ ತಯಾರಕರು, ಬ್ಯಾಚು, ಅವಧಿ ಕಾಣಬೇಕು. ಕೋಡ್ ಇರುವುದು ಸ್ಟ್ರಿಪ್ಪಿನ ಮೇಲೆ, ಜಾಗ ಸಾಲದಿದ್ದರೆ ಹೊರಪೆಟ್ಟಿಗೆಯ ಮೇಲೆ. ಅಜ್ಜಿ ಪೂರ್ತಿ ಸ್ಟ್ರಿಪ್ ಕೊಳ್ಳುವವರಲ್ಲ. "ನಾಲ್ಕು ಸಾಕು ಕಣಪ್ಪಾ" ಎನ್ನುತ್ತಾರೆ. ಕತ್ತರಿಸಿ ಕೊಟ್ಟ ತುಂಡಿನಲ್ಲಿ ಕೋಡೂ ಇಲ್ಲ, ಎಕ್ಸ್‌ಪೈರಿ ದಿನಾಂಕವೂ ಇಲ್ಲ. ಸಣ್ಣ ಕವರಿನ ಮೇಲೆ ಅಂಗಡಿಯವರು ಬಾಲ್‌ಪೆನ್ನಿನಲ್ಲಿ ಎಳೆದ ಎರಡು ಗೆರೆ: ಬೆಳಿಗ್ಗೆ ಒಂದು, ರಾತ್ರಿ ಒಂದು.