ಕನಕಪುರದ ನೆಲ ದಾಟಿದ ಚಿನ್ನದ ತಂತಿ

ಕನಕಪುರ ತಾಲ್ಲೂಕಿನ ಹೆಸರಲ್ಲಿ ಕನಕವಿದೆ. ಗಣಿ ಮಾತ್ರ ದೂರದ ಕೋಲಾರದ್ದು. ಅಂದು ಕಾನಕಾನಹಳ್ಳಿ ಎನಿಸಿದ್ದ ಈ ಸೀಮೆಯ ಹೊಲ, ಕಾಡು, ಬಂಡೆಗಳ ಮೇಲೆ ಹಾದ ತಂತಿಗಳು 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ಮುಟ್ಟಿಸಿದವು. ವಿದ್ಯುತ್ ಯಂತ್ರಗಳನ್ನು ಒದಗಿಸಿದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್. ಬೆಂಗಳೂರಿಗೆ ದೀಪ ಬಂದದ್ದು ಆಮೇಲೆ, 1905ರಲ್ಲಿ. ಮೊದಲು ಗಣಿ, ನಂತರ ಊರು!

1880ರಿಂದ ಜಾನ್ ಟೇಲರ್ ಕಂಪನಿ ಕೋಲಾರದಲ್ಲಿ ಗಣಿಗಾರಿಕೆಗೆ ಇಳಿಯಿತು. ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ನುರಿತ ಗಣಿಗಾರರು ಬಂದರು. ಆಳದ ಕತ್ತಲಿಗೆ ಇಳಿದವರಲ್ಲಿ ಹೆಚ್ಚಿನವರು ತಮಿಳು ಸೀಮೆಯ, ಅದರಲ್ಲೂ ಉತ್ತರ ಆರ್ಕಾಟಿನ ದಲಿತ ಕುಟುಂಬದವರು. ಬಯಲಿನಲ್ಲಿ ಹೊಸ ಪಟ್ಟಣವೇ ಎದ್ದಿತು. ಆದರೆ ಆ ಕಾರ್ಮಿಕರಿಗೆ ಸಿಕ್ಕಿದ್ದು ತಟ್ಟಿ ಗುಡಿಸಲುಗಳ ಸಾಲು.

ಸಾಗರದಾಚೆಯೂ ಕಥೆ ಇಂಥದೇ. 1848ರ ನಂತರ ಕ್ಯಾಲಿಫೋರ್ನಿಯಾದ ಚಿನ್ನಕ್ಕೆ ಮುಗಿಬಿದ್ದವರಲ್ಲಿ ಚೀನೀಯರೂ ಇದ್ದರು. ಅಲ್ಲಿನ ಸಿಯೆರಾ ನೆವಾಡ ಪರ್ವತದ ಬಂಡೆ ಸೀಳಿ ರೈಲುಹಾದಿ ಹಾಕಿದವರಲ್ಲಿ ಅವರೇ ಬಹುಪಾಲು. 1882ರಲ್ಲಿ ಚೀನೀ ಕೂಲಿಗಳ ಪ್ರವೇಶವನ್ನೇ ಅಮೆರಿಕದ ಕಾನೂನು ತಡೆಯಿತು. 1892ರಿಂದ ಅಲ್ಲಿದ್ದ ಚೀನೀ ಕೂಲಿಗಳು ವಾಸದ ಪ್ರಮಾಣಪತ್ರ ಹೊತ್ತು ತಿರುಗಬೇಕಾಯಿತು. ದುಡಿಮೆ ಬೇಕು, ದುಡಿಯುವವರ ಮೇಲೆ ಮಾತ್ರ ಗುಮಾನಿ. ಕೋಲಾರದಲ್ಲೂ ಬೆರಳಚ್ಚು ನೋಂದಣಿಯ ಆದೇಶ ಹೊರಟಿತು. 1930ರಲ್ಲಿ ಕಾರ್ಮಿಕರು ಸುಮಾರು ಮೂರು ವಾರ ಮುಷ್ಕರ ಹೂಡಿ ಅದನ್ನು ಹಿಂತೆಗೆಸಿದರು.

ಮೂರು ಕಿಲೋಮೀಟರ್‌ಗೂ ಹೆಚ್ಚು ಆಳಕ್ಕಿಳಿದಿದ್ದ ಆ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಅವಕ್ಕೆ ವಿದ್ಯುತ್ ಕೊಟ್ಟ ಶಿವನಸಮುದ್ರದ ವಿದ್ಯುದಾಗಾರಕ್ಕೆ ಕನಕಪುರದಿಂದ ಸಾತನೂರು ದಾರಿಯಾಗಿ ಹೋಗಬಹುದು.