ಹಲ್ಲಿನ ಆಕರಕೋಶಗಳ ಚರಿತ್ರೆಯೂ ಕೊಪ್ಪಳ ಸೀಮೆಯ ಮಕ್ಕಳೂ

ತುಂಗಭದ್ರಾ ಎಡದಂಡೆ ಕಾಲುವೆಯಿಂದ ಗಂಗಾವತಿ ತಾಲ್ಲೂಕಿನ ಶ್ರೀರಾಮನಗರದ ಸುತ್ತಣ ನೆಲವು ಬತ್ತದ ಬೀಡಾಯಿತು. ಆ ಕಾಲುವೆ ತಲುಪದ ಕುಷ್ಟಗಿ, ಯಲಬುರ್ಗಾ ಕಡೆಯ ಅನೇಕ ಗ್ರಾಮಗಳು ಬಹುಕಾಲ ಕೊಳವೆಬಾವಿಗಳನ್ನೇ ನೆಚ್ಚಿದವು. ಅಲ್ಲಿನ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವುದರಿಂದ ಮಕ್ಕಳ ಹಲ್ಲುಗಳಲ್ಲಿ ಕಂದುಕಲೆಗಳು ಮೂಡುತ್ತವೆ. ಹಲ್ಲಿನ ಆಕರಕೋಶಗಳು, ಅರ್ಥಾತ್ ಸ್ಟೆಮ್ ಸೆಲ್‌ಗಳು, ಹುಟ್ಟಿಸಿರುವ ಭರವಸೆಯಲ್ಲಿ ಈ ಮಕ್ಕಳ ಪಾಲೆಷ್ಟು? ಉತ್ತರವನ್ನು ಆ ಶೋಧದ ಚರಿತ್ರೆಯಲ್ಲಿಯೇ ಅರಸಬೇಕು.

ತನ್ನಂತಹುದನ್ನೂ ಬೇರೆ ಬಗೆಯ ಕೋಶವನ್ನೂ ಹುಟ್ಟಿಸಬಲ್ಲುದು ಆಕರಕೋಶ. 1961ರಲ್ಲಿ ಕೆನಡಾದ ಟಿಲ್ ಮತ್ತು ಮೆಕಲಕ್ ಎಂಬ ವಿಜ್ಞಾನಿಗಳು ಇಲಿಗಳ ಎಲುಬಿನ ಮಜ್ಜೆಯಲ್ಲಿ ಇದರ ಇರವಿಗೆ ಆಧಾರವನ್ನು ಒದಗಿಸಿದರು. 2000ದಲ್ಲಿ ಗ್ರಾಂಥೋಸ್, ಸೊಂಗ್‌ಟಾವೊ ಷಿ ಮೊದಲಾದವರು ಅಮೆರಿಕದಲ್ಲಿ ವಯಸ್ಕರ ದವಡೆಹಲ್ಲಿನ ತಿರುಳಿನಿಂದ ಇಂತಹ ಕೋಶಗಳನ್ನು ಬೇರ್ಪಡಿಸಿದರು. ಇಲಿಯ ದೇಹದಲ್ಲಿರಿಸಿದಾಗ ಅವುಗಳಿಂದ, ಎನಾಮಲ್ಲಿನ ಕೆಳಗಿರುವ ಡೆಂಟಿನ್ನಿನಂತಹ ಪದರವು ಬೆಳೆಯಿತು. 2003ರಲ್ಲಿ ತಾನಾಗಿ ಉದುರಿದ ಹಾಲುಹಲ್ಲಿನಲ್ಲಿಯೂ ಅವು ದೊರೆತುವು. ನಮ್ಮವರು ಸಗಣಿಯುಂಡೆಯಲ್ಲಿಟ್ಟು ಮಾಳಿಗೆಯ ಮೇಲೆಸೆಯುತ್ತಿದ್ದ ಹಲ್ಲು ಪ್ರಯೋಗಶಾಲೆಯ ಸಾಮಗ್ರಿಯಾಯಿತು. 2018ರಲ್ಲಿ ಚೀನಾದ ವೈದ್ಯರು, ಪೆಟ್ಟಿನಿಂದ ತಿರುಳು ಸತ್ತ ಬಾಚಿಹಲ್ಲುಗಳಲ್ಲಿ ಆಯಾ ಮಕ್ಕಳದೇ ಹಾಲುಹಲ್ಲಿನ ಕೋಶಗಳನ್ನಿರಿಸಿ, ರಕ್ತನಾಳವೂ ನರವೂ ಉಳ್ಳ ತಿರುಳನ್ನು ಮರಳಿ ಬೆಳೆಸಿದುದಾಗಿ ಪ್ರಕಟಿಸಿದರು.

ಸಾಧನೆ ಸಣ್ಣದಲ್ಲ, ಆದರೆ ಅದು ತಿರುಳಿಗೆ ಸಂಬಂಧಿಸಿದುದು. ಫ್ಲೋರೈಡ್ ಕೆಡಿಸುವುದು ಮೇಲ್ಹೊದಿಕೆಯಾದ ಎನಾಮಲ್ಲನ್ನು. ಅದನ್ನು ಕಟ್ಟುವ ಕೋಶಗಳು ಹಲ್ಲು ಒಸಡಿನಿಂದ ಹೊರಬರುವ ವೇಳೆಗೇ ನಶಿಸಿಹೋಗುತ್ತವೆ. ಆಕರಕೋಶಗಳಿಂದ ಅದನ್ನು ಪುನಃ ಕಟ್ಟುವ ಚಿಕಿತ್ಸೆಯು ಇನ್ನೂ ಬಳಕೆಗೆ ಬಂದಿಲ್ಲ. ಭರವಸೆ ಸಾಧನೆಯನ್ನು ಮೀರಬಾರದೆಂಬ ಎಚ್ಚರ ಅಧಿಕೃತ ನಿಯಮದಲ್ಲಿಯೂ ಉಂಟು: ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯು ಹಲ್ಲಿನ ಕೋಶಗಳನ್ನು ವಾಣಿಜ್ಯಕ್ಕಾಗಿ ಕೂಡಿಡಲು ಸಮ್ಮತಿಸಲಿಲ್ಲ.

ಇತ್ತ ಫ್ಲೋರೈಡಿನ ಚರಿತ್ರೆಯು ಆಕರಕೋಶದ ಚರಿತ್ರೆಗಿಂತ ಹಳೆಯದು. ಅಂದಿನ ಮದ್ರಾಸ್ ಪ್ರಾಂತದ ನೆಲ್ಲೂರು ಸೀಮೆಯ ಜನರಲ್ಲಿ ಈ ವ್ಯಾಧಿ ಹರಡಿದ್ದುದನ್ನೂ ಕುಡಿಯುವ ನೀರೇ ಅದಕ್ಕೆ ಕಾರಣವೆಂಬುದನ್ನೂ 1937ರಲ್ಲಿಯೇ ವೈದ್ಯರು ದಾಖಲಿಸಿದ್ದರು. ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್, ಬೇರೆ ನೀರು ದೊರೆಯದೆಡೆ 1.5 ಮಿಲಿಗ್ರಾಂ, ಎಂಬುದು ಇಂದಿನ ಭಾರತೀಯ ಮಾನಕದ ಮಿತಿ. ಮಗುವಿನ ಮೊದಲ ಎಂಟು ವರ್ಷಗಳಲ್ಲಿ ಈ ಮಿತಿಯೊಳಗಿನ ನೀರು ದೊರೆತರೆ ಕಲೆ ಮೂಡುವ ಅವಕಾಶವೇ ತಗ್ಗುತ್ತದೆ. ತಿರುಳಿಗೆ ನಾಳೆ ಪ್ರಯೋಗಶಾಲೆ ನೆರವಾದೀತು. ಎನಾಮಲ್ಲಿಗೆ ಇಂದಿನ ಶುದ್ಧ ನೀರೇ ರಕ್ಷೆ.