ಟವೆಲಿನ ಕೆಳಗಿನ ಬೆರಳು

ದೋಹಾದ ಓಲ್ಡ್ ಏರ್‌ಪೋರ್ಟ್ ಬಡಾವಣೆಯಲ್ಲಿ ಇಂದು ಕನ್ನಡ ಕಿವಿಗೆ ಬೀಳುವುದು ಅಪರೂಪವಲ್ಲ. ಇಲ್ಲಿ ವಿಮಾನ ಇಳಿಯುವ ಮೊದಲು, ತೈಲದ ಹಣ ಹರಿಯುವ ಮೊದಲು, ಕತಾರಿನ ಬದುಕು ನಿಂತಿದ್ದು ಮುತ್ತಿನ ಮೇಲೆ. ಕೊಲ್ಲಿಯ ಮುತ್ತಿನ ವ್ಯಾಪಾರಿಗಳು ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ಬೆಲೆ ತಿಳಿಸುತ್ತಿದ್ದರು. ನಮ್ಮ ದನಗಳ ಜಾತ್ರೆಯಲ್ಲಿ ದಲ್ಲಾಳಿಗಳು ಟವೆಲಿನ ಕೆಳಗೆ ಮಾಡುವುದೂ ಅದನ್ನೇ. ಯಾರಿಗೆ ಏನು ಗೊತ್ತು ಎಂಬುದರ ಮೇಲೆಯೇ ಬೆಲೆ ನಿಲ್ಲುತ್ತದೆ ಎಂದು ಇಬ್ಬರೂ ಬಲ್ಲರು.

ಅರ್ಥಶಾಸ್ತ್ರ ಇದನ್ನು ಕೈಗೆತ್ತಿಕೊಂಡದ್ದು ತಡವಾಗಿ. 1961ರಲ್ಲಿ ವಿಲಿಯಂ ವಿಕ್ರಿ ಒಂದು ಹರಾಜನ್ನು ವಿವರಿಸಿದರು: ಚೀಟಿಯಲ್ಲಿ ಹೆಚ್ಚು ಬರೆದವನಿಗೆ ಮಾಲು, ಆದರೆ ಅವನು ಕೊಡುವುದು ಎರಡನೆಯವನು ಬರೆದ ಬೆಲೆ. ಆಗ ಪಕ್ಕದವನ ಮನಸ್ಸನ್ನು ಊಹಿಸಬೇಕಿಲ್ಲ. ತನಗೆ ತೋಚಿದ ಬೆಲೆಯನ್ನೇ ಬರೆದರಾಯಿತು. 1981ರಲ್ಲಿ ರೋಜರ್ ಮೈಯರ್ಸನ್ ಮಾರುವವನಿಗೆ ಅತಿ ಹೆಚ್ಚು ಹಣ ತರುವ ಹರಾಜಿನ ಲೆಕ್ಕ ಕೊಟ್ಟರು. ಆದರೆ ಯಾವ ಬೆಲೆ ಕೊಡುವವರು ಎಷ್ಟು ಮಂದಿ ಇರಬಹುದು ಎಂಬ ಅಂದಾಜು ಮಾರುವವನಿಗೆ ಮೊದಲೇ ಇರಬೇಕಿತ್ತು. ಇಂಥ ಅರಿವು ಎಲ್ಲರಿಗೂ ಇದೆಯೆಂದು ನಂಬುವುದೇ ಸಿದ್ಧಾಂತದ ದೌರ್ಬಲ್ಯ ಎಂದು 1987ರಲ್ಲಿ ರಾಬರ್ಟ್ ವಿಲ್ಸನ್ ಎಚ್ಚರಿಸಿದರು. ಆಟಗಾರರು ಏನನ್ನೇ ನಂಬಿರಲಿ, ಕೆಲಸ ಮಾಡುವ ನಿಯಮ ಯಾವುದು ಎಂದು 2005ರಲ್ಲಿ ಬರ್ಗೆಮನ್ ಮತ್ತು ಮಾರಿಸ್ ಕೇಳಿದರು.

ಈ ಪ್ರಶ್ನೆಯನ್ನು ನಮ್ಮ ಅಡಿಕೆ ಮಂಡಿಯಲ್ಲಿ ಇಟ್ಟು ನೋಡಿ. ಟೆಂಡರಿನಲ್ಲಿ ಹೆಚ್ಚು ಬರೆದವನು ತಾನು ಬರೆದಷ್ಟನ್ನೇ ಕೊಡಬೇಕು. ಹಾಗಾಗಿ ಪ್ರತಿಯೊಬ್ಬನೂ ಉಳಿದವರು ಎಷ್ಟು ಬರೆದಾರು ಎಂದು ಊಹಿಸಿ ತುಸು ಕಡಿಮೆ ಬರೆಯುತ್ತಾನೆ. ಒಂದೇ ಅಂಗಡಿಯಲ್ಲಿ ಚಹಾ ಕುಡಿಯುವ ನಾಲ್ಕೇ ವ್ಯಾಪಾರಿಗಳಿದ್ದರೆ ಊಹೆಯೂ ಬೇಕಿಲ್ಲ, ಒಪ್ಪಂದವೇ ಸಾಕು. ವಿಕ್ರಿಯ ಹರಾಜೂ ಇಲ್ಲಿ ಸೋಲುತ್ತದೆ: ಒಬ್ಬ ಹೆಚ್ಚು ಬರೆದು ಮಿಕ್ಕವರು ತೀರಾ ಕಡಿಮೆ ಬರೆದರೆ ರೈತನಿಗೆ ಸಿಗುವುದು ಆ ಕಡಿಮೆ ಬೆಲೆ.

ಅಡಿಕೆ ಬೆಲೆ ಕುಸಿದಿದ್ದ ಕಾಲದಲ್ಲಿ, 1973ರಲ್ಲಿ, ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು. ಕರ್ನಾಟಕ, ಕೇರಳ ಎರಡೂ ಕಡೆಯ ಬೆಳೆಗಾರರ ಈ ಸಹಕಾರ ಸಂಘ ಟೆಂಡರಿನ ನಿಯಮ ತಿದ್ದಲಿಲ್ಲ. ಒಪ್ಪಂದದ ಹೊರಗಿನ ಒಬ್ಬ ಕೊಳ್ಳುವವನನ್ನು ತಂದಿತು. 2014ರಲ್ಲಿ ಕರ್ನಾಟಕ ಆನ್‌ಲೈನ್ ಏಕೀಕೃತ ಮಾರುಕಟ್ಟೆ ತೆರೆದಾಗಲೂ ಉದ್ದೇಶ ಅದೇ: ಬೇರೆ ಊರಿನ ವ್ಯಾಪಾರಿಯೂ ಬರೆಯಲಿ.

ಯಾರಿಗೆ ಏನೇ ಗೊತ್ತಿರಲಿ, ರೈತನ ಕೈಯಲ್ಲಿ ಉಳಿಯುವ ಹಕ್ಕು ಒಂದು: ಬೆಲೆ ಒಪ್ಪಿಗೆಯಾಗದಿದ್ದರೆ ಮಾಲನ್ನು ಕೊಡದಿರುವುದು. ಸಾಲದ ಕಂತು ನಾಳೆಯೇ ಕಟ್ಟಬೇಕಾದವನಿಗೆ ಆ ಹಕ್ಕು ಹೆಸರಿಗಷ್ಟೇ. ಅಡಿಕೆ ಇಡಲು ಗೋದಾಮು, ಅದರ ಮೇಲೆ ಮುಂಗಡ ಹಣ ಇದ್ದಾಗ ಮಾತ್ರ ಅವನು ಬೇಡ ಎನ್ನಬಲ್ಲ.